25 ಸಾವಿರ ರೂಪಾಯಿಗೆ ಬಸ್ಸು, ರೈಲಿನ ಫೋಟೋಗೆ ಯಾವ ಕ್ಯಾಮೆರಾ?

ಪ್ರಶ್ನೆ: ನಾನು ಸಾಗರದ ಹತ್ತಿರದ ಒಂದು ಹಳ್ಳಿಯವಳು, ಡಿಗ್ರಿ ಕೊನೆಯ ವರ್ಷ. ಚಿಕ್ಕಂದಿನಿಂದ ಬಸ್ಸು, ರೈಲು ಅಂದರೆ ಪ್ರಾಣ. ಈಗ ಮೊಬೈಲಿನಲ್ಲೇ ಫೋಟೋ ತೆಗೆಯುತ್ತಿದ್ದೇನೆ. ಆದರೆ ಓಡುವ ಗಾಡಿ ಮಸುಕಾಗುತ್ತದೆ, ಬಸ್ಸಿನ ಲೈಟ್ ಬೋರ್ಡು ಅರ್ಧಂಬರ್ಧ ಬರುತ್ತದೆ, ಮಳೆಗಾಲದಲ್ಲಂತೂ ಏನೂ ಸರಿ ಬರುವುದಿಲ್ಲ. ಟ್ಯೂಷನ್ ಹೇಳಿ 25,000 ರೂಪಾಯಿ ಕೂಡಿಟ್ಟಿದ್ದೇನೆ. ಒಬ್ಬರು ಉದ್ದ ಜೂಮ್ ಇರುವ ಕ್ಯಾಮೆರಾ ತಗೋ ಅನ್ನುತ್ತಾರೆ, ಇನ್ನೊಬ್ಬರು ಒಳ್ಳೆ ಮೊಬೈಲೇ ಸಾಕು ಅನ್ನುತ್ತಾರೆ. ಯಾವುದು ತಗೊಳ್ಳಲಿ? ಟ್ರೈಪಾಡ್ ಕೂಡ ಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ತಗೊಳ್ಳಿ. ನಿಕಾನ್ ಡಿ3300 ಅಥವಾ ಡಿ3400, ಇಲ್ಲವೇ ಒಳ್ಳೆ ದರಕ್ಕೆ ಸಿಕ್ಕರೆ ಕ್ಯಾನನ್ 200ಡಿ. ಅದರ ಜೊತೆ ಬರುವ 18–55 ಲೆನ್ಸ್ ಇರಲಿ (ಈ ಅಂಕಿಗಳು ಮಿಲಿಮೀಟರಿನಲ್ಲಿ, ಜಾಸ್ತಿ ಆದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಇನ್ನೊಂದು 55–200 ಅಥವಾ 55–250ರ ಸೆಕೆಂಡ್ ಹ್ಯಾಂಡ್ ಜೂಮ್ ಲೆನ್ಸ್ ಸೇರಿಸಿ. ಉಳಿದ ದುಡ್ಡಿನಲ್ಲಿ ಒಂದು ಮೆಮೊರಿ ಕಾರ್ಡ್, ಒಂದು ಗಾಳಿಯಾಡದ ಡಬ್ಬ, ಅರ್ಧ ಕೇಜಿ ಸಿಲಿಕಾ ಜೆಲ್. ಈ ಕೊನೆಯದನ್ನು ಓದಿ ಆಶ್ಚರ್ಯ ಆಗಬಹುದು, ಆದರೆ ನಮ್ಮ ಕಡೆ ಕ್ಯಾಮೆರಾ ತಗೊಳ್ಳುವವರು ಡಬ್ಬದ ದುಡ್ಡನ್ನು ಮೊದಲೇ ಎತ್ತಿಡಬೇಕು. ಅದರ ವಿಷಯ ಕೆಳಗೆ ವಿವರವಾಗಿ ಬರೆದಿದ್ದೇನೆ.

ಈಗ ಮೊಬೈಲ್ ವಿಷಯ. ಮೊಬೈಲ್ ಕೆಟ್ಟದ್ದಲ್ಲ. ಹಗಲು ಹೊತ್ತಿನಲ್ಲಿ, ಸ್ಟ್ಯಾಂಡಿನಲ್ಲಿ ನಿಂತಿರುವ ಬಸ್ಸನ್ನು ಹತ್ತು ಹೆಜ್ಜೆ ದೂರದಿಂದ ತೆಗೆಯುವುದಕ್ಕೆ ಅದು ಧಾರಾಳವಾಗಿ ಸಾಕು. ಡ್ರೈವರ್ ಸೀಟಿನ ಮೇಲಿನ ದೇವರ ಪಟ, ಮುಂದಿನ ಗಾಜಿಗೆ ಕಟ್ಟಿದ ಹೂವು, ಟಿಕೆಟ್ ಮಷೀನು, ಇಂಥದ್ದಕ್ಕೆ ಮೊಬೈಲೇ ಅನುಕೂಲ. ತೊಂದರೆ ಶುರುವಾಗುವುದು ಗಾಡಿ ಓಡಿದಾಗ ಮತ್ತು ಬೆಳಕು ಕಡಿಮೆಯಾದಾಗ. ಮಲೆನಾಡಿನಲ್ಲಿ ವರ್ಷದ ಅರ್ಧ ದಿನ ಇವೆರಡೂ ಒಟ್ಟಿಗೇ ಇರುತ್ತವೆ ಅಲ್ವಾ? ಮೊಬೈಲಿನ ನೈಟ್ ಮೋಡ್ ನಾಲ್ಕಾರು ಫೋಟೋ ತೆಗೆದು ಒಂದರ ಮೇಲೊಂದು ಕೂರಿಸುತ್ತದೆ. ನಿಂತ ಕಟ್ಟಡಕ್ಕೆ ಅದು ಚೆನ್ನ. ಬರುತ್ತಿರುವ ಬಸ್ಸು ಆ ನಾಲ್ಕಾರು ಫೋಟೋದಲ್ಲೂ ಬೇರೆ ಬೇರೆ ಜಾಗದಲ್ಲಿರುತ್ತದೆ, ಹಾಗಾಗಿ ಮಸುಕು. ನಿಮ್ಮ ಮೊಬೈಲಿನ ತಪ್ಪು ಏನೂ ಇಲ್ಲ. 50 ಸಾವಿರದ ಮೊಬೈಲ್ ತಗೊಂಡರೂ ಈ ಕಷ್ಟ ಪೂರ್ತಿ ಹೋಗುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ರೈಲು ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಮುಂದೆ ಹೋಗುತ್ತದೆ. ಕ್ಯಾಮೆರಾದ ಶಟರ್ (ಬೆಳಕನ್ನು ಒಳಗೆ ಬಿಡುವ ಬಾಗಿಲು) 1/60 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ರೈಲು 28 ಸೆಂಟಿಮೀಟರ್ ಸರಿದಿರುತ್ತದೆ, ಅಂದರೆ ಒಂದು ಗೇಣಿಗಿಂತ ಜಾಸ್ತಿ. ಇಂಜಿನ್ ಮೇಲಿನ ನಂಬರ್ ಹೇಗೆ ತಾನೇ ಓದಲು ಬರಬೇಕು? 1/500ಕ್ಕೆ ಹೋದರೆ ಸರಿಯುವುದು ಸುಮಾರು 3 ಸೆಂಟಿಮೀಟರ್. 1/1000ಕ್ಕೆ ಒಂದೂವರೆ, ಒಂದೂಮುಕ್ಕಾಲು. ಗಾಡಿ ನಿಮ್ಮ ಕಡೆಗೇ ಬರುತ್ತಿದ್ದರೆ 1/500 ನಡೆಯುತ್ತದೆ, ಎದುರಿಗೆ ಅಡ್ಡ ಹಾದುಹೋಗುತ್ತಿದ್ದರೆ 1/1000 ಬೇಕು. ಆದರೆ ಶಟರ್ ಅಷ್ಟು ಬೇಗ ಮುಚ್ಚಿದರೆ ಒಳಗೆ ಬರುವ ಬೆಳಕೂ ಅಷ್ಟೇ ಕಡಿಮೆ. ಆ ಕಡಿಮೆ ಬೆಳಕಿನಲ್ಲಿ ಹಿಟ್ಟು ಉದುರಿಸಿದ ಹಾಗೆ ಕಾಳುಕಾಳು ಬಾರದೆ ಫೋಟೋ ಬರಬೇಕು ಅಂದರೆ ಒಳಗೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರಬೇಕು. ಡಿಎಸ್ಎಲ್ಆರ್ ತಗೊಳ್ಳಿ ಅನ್ನುವುದಕ್ಕೆ ಮುಖ್ಯ ಕಾರಣ ಇದೇ. ನಾನು ಹೇಳಿದ ಕ್ಯಾಮೆರಾಗಳ ಸೆನ್ಸರ್ ಮೊಬೈಲಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಉದ್ದ ಜೂಮ್ ಕ್ಯಾಮೆರಾ ಬೇಡ ಅನ್ನುವುದೂ ಇದಕ್ಕೇ. ಅಂಗಡಿಯಲ್ಲಿ ತೋರಿಸುವಾಗ ತುಂಬ ಆಸೆ ಆಗುತ್ತದೆ. ಎದುರಿನ ಬಿಲ್ಡಿಂಗಿನ ಟೆರೇಸ್ ಮೇಲಿನ ಕಾಗೆಯ ಕಣ್ಣು ಕಾಣುತ್ತದೆ, ಒಂದೇ ಕ್ಯಾಮೆರಾ, ಲೆನ್ಸ್ ಬದಲಿಸುವ ಗೋಜಿಲ್ಲ. ಆದರೆ ಈ ದರದಲ್ಲಿ ಸಿಗುವ ಸೂಪರ್ ಜೂಮ್ ಕ್ಯಾಮೆರಾಗಳಲ್ಲಿ ಬಹುಪಾಲು ಸೆನ್ಸರ್ ಹಳೆಯ ಮೊಬೈಲಿನಷ್ಟೇ ಚಿಕ್ಕದು. ಬಿಸಿಲಿನಲ್ಲಿ ಚೆನ್ನಾಗಿ ಬರುತ್ತದೆ. ಆಗುಂಬೆ ಘಾಟಿಯಲ್ಲಿ ಜುಲೈ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ಮರ ಕವಿದ ರಸ್ತೆಯಲ್ಲಿ, ಹೆಡ್‌ಲೈಟ್ ಹಾಕಿಕೊಂಡು ಮಿನಿ ಬಸ್ಸು ತಿರುವು ಹತ್ತುವಾಗ ಅದು ಕೈಕೊಡುತ್ತದೆ. ಪ್ಯಾನಾಸೋನಿಕ್ ಎಫ್‌ಝಡ್1000 ಮಾತ್ರ ಬೇರೆ, ಅದರ ಸೆನ್ಸರ್ ಒಂದು ಇಂಚಿನದು, ಲೆನ್ಸೂ ಒಳ್ಳೆಯದು. ಸೆಕೆಂಡ್ ಹ್ಯಾಂಡಿನಲ್ಲಿ ಅದು ಕಣ್ಣಿಗೆ ಬಿದ್ದರೆ ನೋಡಿ. ಆದರೆ ಹುಡುಕಿಕೊಂಡು ಕೂರುವಷ್ಟು ಸುಲಭಕ್ಕೆ ಸಿಗುವುದಿಲ್ಲ.

ಬಸ್ಸು, ರೈಲಿಗೆ ಅಷ್ಟು ದೂರದ ಜೂಮ್ ಬೇಕಾಗುವುದೂ ಇಲ್ಲ. ನನ್ನ ಹತ್ತಿರ ಇರುವ ಬಸ್ಸಿನ ಫೋಟೋಗಳಲ್ಲಿ ಮುಕ್ಕಾಲು ಪಾಲು 35ರಿಂದ 70 ಮಿಲಿಮೀಟರ್ ಒಳಗಿನವು. ರಸ್ತೆಯ ಈಚೆ ಬದಿಯಲ್ಲಿ ನಿಂತು, ಬಸ್ಸಿನ ಮುಂಭಾಗವೂ ಒಂದು ಪಕ್ಕವೂ ಒಟ್ಟಿಗೆ ಕಾಣುವ ಹಾಗೆ ತೆಗೆಯಲು ಅಷ್ಟು ಸಾಕು. ರೈಲಿಗೆ 70ರಿಂದ 200. ತಿರುವಿನಲ್ಲಿ ಇಡೀ ಗಾಡಿ ಬಳುಕಿ ಬರುವುದನ್ನು ತೆಗೆಯುವಾಗ 200 ಬಲು ಚೆಂದ, ಬೋಗಿಗಳೆಲ್ಲ ಒಂದಕ್ಕೊಂದು ಒತ್ತಿಕೊಂಡ ಹಾಗೆ ಕಾಣುತ್ತವೆ.

ನೀವು ಬರೆದ ಅರ್ಧಂಬರ್ಧ ಬೋರ್ಡಿನ ವಿಷಯಕ್ಕೆ ಬರುತ್ತೇನೆ. ಈ ಪ್ರಶ್ನೆ ಬಂದಿದ್ದು ನನಗೆ ನಿಜವಾಗಲೂ ಖುಷಿ, ಯಾಕೆಂದರೆ ಬಸ್ಸಿನ ಫೋಟೋ ತೆಗೆಯುವವರಿಗೆ ಬಿಟ್ಟರೆ ಬೇರೆ ಯಾರಿಗೂ ಈ ತಲೆನೋವು ಗೊತ್ತಿರುವುದಿಲ್ಲ. ಎಲ್‌ಇಡಿ ಬೋರ್ಡಿನ ದೀಪಗಳು ಎಲ್ಲ ಒಟ್ಟಿಗೆ ಉರಿಯುವುದಿಲ್ಲ. ಸಾಲು ಸಾಲಾಗಿ, ಒಂದಾದ ಮೇಲೊಂದು, ಕಣ್ಣಿಗೆ ಗೊತ್ತಾಗದ ವೇಗದಲ್ಲಿ ಹತ್ತಿ ಆರುತ್ತವೆ. ನಮ್ಮ ಕಣ್ಣು ಅದನ್ನೆಲ್ಲ ಸೇರಿಸಿ "ಶಿವಮೊಗ್ಗ" ಅಂತ ಓದಿಕೊಳ್ಳುತ್ತದೆ. ಕ್ಯಾಮೆರಾ 1/1000ರಲ್ಲಿ ಕ್ಲಿಕ್ ಆದಾಗ ಆ ಕ್ಷಣಕ್ಕೆ ಯಾವ ಸಾಲು ಉರಿಯುತ್ತಿತ್ತೋ ಅಷ್ಟೇ ಬರುತ್ತದೆ. ಶಿ ಅನ್ನುವುದರ ತಲೆ, ಗ್ಗ ಅನ್ನುವುದರ ಒತ್ತು, ನಡುವೆ ಕತ್ತಲೆ. ಒಳ್ಳೆ ಬಿಸಿಲಿದ್ದರೆ ಮೊಬೈಲ್ ತಾನಾಗಿಯೇ 1/1000, 1/2000ಕ್ಕೆ ಹೋಗಿಬಿಡುತ್ತದೆ, ನಿಮಗೆ ಅದನ್ನು ತಡೆಯಲು ಸುಲಭವಾಗಿ ಆಗುವುದಿಲ್ಲ. ಡಿಎಸ್ಎಲ್ಆರ್‌ನಲ್ಲಿ ಮೇಲಿನ ಡಯಲನ್ನು ಎಸ್‌ಗೆ ತಿರುಗಿಸಿ (ಕ್ಯಾನನ್‌ನಲ್ಲಿ Tv ಅಂತ ಇರುತ್ತದೆ), ಶಟರ್ 1/125 ಅಂತ ಇಟ್ಟರೆ ಮುಗಿಯಿತು. ಬಹಳಷ್ಟು ಬೋರ್ಡುಗಳು 1/125ಕ್ಕೆ ಪೂರ್ತಿ ಬರುತ್ತವೆ. ಕೆಲವು ಹಟಮಾರಿ ಬೋರ್ಡುಗಳಿಗೆ 1/80, 1/60ಕ್ಕೆ ಇಳಿಯಬೇಕು.

ಆದರೆ 1/125ರಲ್ಲಿ ಓಡುವ ಬಸ್ಸು ಮಸುಕಾಗುತ್ತದಲ್ಲ, ಅಂತ ಕೇಳುತ್ತೀರಿ. ಹೌದು. ಹಾಗಾಗಿ ಬಸ್ಸು ಎಲ್ಲಿ ನಿಧಾನ ಆಗುತ್ತದೋ ಅಲ್ಲಿ ನಿಲ್ಲುವುದನ್ನು ಕಲಿಯಬೇಕು. ಶಿವಮೊಗ್ಗದಲ್ಲಿ ಕೆಎಸ್ಆರ್‌ಟಿಸಿ ನಿಲ್ದಾಣವೂ ಖಾಸಗಿ ಬಸ್ ನಿಲ್ದಾಣವೂ ಅಕ್ಕಪಕ್ಕದಲ್ಲೇ ಇವೆ. ಬಸ್ಸು ಹೊರಬಂದು ದೊಡ್ಡ ರಸ್ತೆಗೆ ಸೇರುವ ಜಾಗದಲ್ಲಿ ಪ್ರತಿ ಡ್ರೈವರ್ ಕೂಡ ಎರಡು ಸೆಕೆಂಡ್ ಬ್ರೇಕ್ ಹಿಡಿದು ಬಲಕ್ಕೆ ನೋಡುತ್ತಾರೆ. ಆ ಎರಡು ಸೆಕೆಂಡ್ ನಿಮ್ಮದು. ಚಕ್ರ ಸ್ವಲ್ಪ ತಿರುಗಿರುತ್ತದೆ, ಬೋರ್ಡು ಓದಲು ಬರುತ್ತದೆ, ಡ್ರೈವರ್ ಮುಖ ಕಿಟಕಿಯ ಕಡೆಗಿರುತ್ತದೆ. ರಸ್ತೆಗೆ ಇಳಿಯದೆ, ಫುಟ್‌ಪಾತ್ ಮೇಲೆ ನಿಂತೇ ಇದೆಲ್ಲ ಆಗುತ್ತದೆ.

ಬಣ್ಣದಲ್ಲಿ ಬರೆದ ತಗಡಿನ ಬೋರ್ಡಿನ ಬಸ್ಸುಗಳಿಗೆ ಈ ತೊಂದರೆ ಏನೂ ಇಲ್ಲ. ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆಯ ಖಾಸಗಿ ಬಸ್ಸುಗಳಲ್ಲಿ ಕೈಬರಹದ ಬೋರ್ಡು ಕಂಡರೆ ಬಿಡಬೇಡಿ, ನಿಲ್ಲಿಸಿದ್ದಾಗ ಹತ್ತಿರ ಹೋಗಿ ಬರೀ ಬೋರ್ಡನ್ನೇ ತೆಗೆದಿಡಿ. ಊರಿನ ಹೆಸರುಗಳನ್ನು ಒಂದರ ಕೆಳಗೊಂದು ಇಕ್ಕಟ್ಟಿನಲ್ಲಿ ಕೂರಿಸಿ ಬರೆಯುವ ಆ ಕೈ ಈಗ ಅಪರೂಪ ಆಗುತ್ತಿದೆ.

ಸರಿ, ಯಾವ ಮಾಡೆಲ್? ಡಿ3300 2014ರದ್ದು, ಡಿ3400 2016ರದ್ದು. ಎರಡರಲ್ಲೂ 24 ಮೆಗಾಪಿಕ್ಸೆಲ್, ಸೆಕೆಂಡಿಗೆ 5 ಫೋಟೋ. ಹಳೆಯದಾಯಿತು ಅಂತ ಅನುಮಾನ ಬೇಡ, ಇವತ್ತಿಗೂ ಆ ಸೆನ್ಸರ್ ನಿಮ್ಮ ಕೆಲಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಕೊಡುತ್ತದೆ. 2018ರ ಡಿ3500 ಇನ್ನೂ ಹಗುರ, ಆದರೆ ದರ ಮೇಲಿರುತ್ತದೆ. ಕ್ಯಾನನ್‌ನಲ್ಲಿ 2017ರ 200ಡಿ ಚೆನ್ನಾಗಿದೆ, ಅದೂ 24 ಮೆಗಾಪಿಕ್ಸೆಲ್, ಸೆಕೆಂಡಿಗೆ 5. ಹಿಂದಿನ ಪರದೆ ಹೊರಗೆ ತೆರೆದು ತಿರುಗುತ್ತದೆ, ಹಾಗಾಗಿ ಕ್ಯಾಮೆರಾವನ್ನು ನೆಲದ ಹತ್ತಿರ ಹಿಡಿದು ಚಕ್ರದ ಎತ್ತರದಿಂದ ತೆಗೆಯಬಹುದು, ಮಳೆ ನೀರಿನಲ್ಲಿ ಬಸ್ಸಿನ ಪ್ರತಿಬಿಂಬ ಹಿಡಿಯಬಹುದು. ಪರದೆ ನೋಡಿಕೊಂಡು ತೆಗೆಯುವಾಗ ಅದರ ಫೋಕಸ್ ನಾನು ಹೇಳಿದ ನಿಕಾನ್‌ಗಳಿಗಿಂತ ತುಂಬ ಚುರುಕು. ವಿಡಿಯೋ ಮಾಡುವ ಆಸೆ ಇದ್ದರೆ 200ಡಿ ಕಡೆಗೇ ವಾಲಿ. ಕ್ಯಾನನ್ 1300ಡಿ, 1500ಡಿ, 3000ಡಿ ಎಲ್ಲ ಕಡೆ ಅಗ್ಗಕ್ಕೆ ಸಿಗುತ್ತವೆ, ಆದರೆ ಸೆಕೆಂಡಿಗೆ 3 ಫೋಟೋ ಮಾತ್ರ. ಕೆಲಸ ಆಗದೆ ಇಲ್ಲ, ಕಾದು ಸರಿಯಾದ ಕ್ಷಣಕ್ಕೆ ಒತ್ತುವ ಅಭ್ಯಾಸ ಇರುವವರಿಗೆ 3 ಸಾಕು. ಆದರೆ ಅದೇ ದುಡ್ಡಿಗೆ ಡಿ3300 ಸಿಗುವಾಗ ಯಾಕೆ? ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಬೇಕೇ ಬೇಕು ಅನ್ನುವವರಿಗೆ ಹಳೆಯ ಸೋನಿ ಎ6000 ಇದೆ, ಸೆಕೆಂಡಿಗೆ 11 ಫೋಟೋ ತೆಗೆಯುತ್ತದೆ, ಓಡುವ ಗಾಡಿಗೆ ಒಳ್ಳೆಯದು. ಆದರೆ ಅದರ ದೂರದ ಲೆನ್ಸುಗಳು ನಮ್ಮ ಬಜೆಟ್ಟಿಗೆ ಭಾರ. ಒಟ್ಟು ದುಡ್ಡಿನಲ್ಲಿ ಬಾಡಿ ಒಂದೇ ಬಂದು ಲೆನ್ಸಿಗೆ ಏನೂ ಉಳಿಯದೆ ಹೋದರೆ ಏನು ಬಂತು?

ನಿಕಾನ್ ತಗೊಳ್ಳುವವರು ಎರಡು ಸಂಗತಿ ನೆನಪಿಡಬೇಕು. ಡಿ3000, ಡಿ5000 ಸರಣಿಯ ಬಾಡಿಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಹಾಗಾಗಿ ಲೆನ್ಸಿನ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇರಲೇಬೇಕು. ಬರೀ ಎಎಫ್-ಡಿ ಅಂತ ಇರುವ ಹಳೆಯ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕಾಗುತ್ತದೆ. ಎರಡನೆಯದು, ಎಎಫ್-ಪಿ ಲೆನ್ಸುಗಳು ಡಿ3100, ಡಿ3200, ಡಿ5100, ಡಿ7000 ಥರದ ಹಳೆಯ ಬಾಡಿಗಳಲ್ಲಿ ಫೋಕಸ್ ಆಗುವುದೇ ಇಲ್ಲ. ಡಿ3300ರಲ್ಲಿ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದ್ದರೆ ಆಗುತ್ತದೆ, ಡಿ3400ರಲ್ಲಿ ಏನೂ ಚಿಂತೆ ಇಲ್ಲ. 70–300 ಎಎಫ್-ಪಿ ಲೆನ್ಸ್ ನೋಡುವಾಗ ಹೆಸರಿನಲ್ಲಿ ವಿಆರ್ ಅಂತ ಇದೆಯಾ ನೋಡಿಕೊಳ್ಳಿ. ಅದೇ ಲೆನ್ಸ್ ವಿಆರ್ ಇಲ್ಲದೆಯೂ ಬರುತ್ತದೆ, ಅಗ್ಗ, ಆದರೆ ಕೈ ಅಲುಗಿದ್ದನ್ನು ಅದು ತಡೆಯುವುದಿಲ್ಲ. ಕ್ಯಾನನ್‌ಗಾದರೆ 55–250 ಐಎಸ್ ಎಸ್‌ಟಿಎಂ (ನಿಕಾನ್‌ನ ವಿಆರ್ ಅನ್ನೇ ಕ್ಯಾನನ್‌ನವರು ಐಎಸ್ ಅನ್ನುತ್ತಾರೆ). ಈ ದರದಲ್ಲಿ ಅಷ್ಟು ಚೊಕ್ಕವಾದ ಲೆನ್ಸ್ ಇನ್ನೊಂದಿಲ್ಲ ಅನ್ನಬೇಕು.

ದುಡ್ಡಿನ ಲೆಕ್ಕ ಹೀಗಿಟ್ಟುಕೊಳ್ಳಿ. ಬಾಡಿ ಮತ್ತು 18–55ಕ್ಕೆ 16 ಸಾವಿರದ ಆಸುಪಾಸು, ದೂರದ ಲೆನ್ಸಿಗೆ 6ರಿಂದ 7 ಸಾವಿರ, ಉಳಿದ ಎರಡು ಸಾವಿರ ಕಾರ್ಡು ಮತ್ತು ಡಬ್ಬಕ್ಕೆ. 200ಡಿ ತಗೊಂಡರೆ ಬಾಡಿಗೇ ಜಾಸ್ತಿ ಹೋಗುತ್ತದೆ, ಆಗ ಮೊದಲ ಆರು ತಿಂಗಳು 18–55 ಒಂದರಲ್ಲೇ ಇರಿ. ಅದರಲ್ಲೇನೂ ನಷ್ಟವಿಲ್ಲ, ಬಸ್ಸಿಗೆ ಅದೇ ಲೆನ್ಸ್ ತಾನೇ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಹಗಲು ಹೊತ್ತಿನಲ್ಲೇ ಹೋಗಿ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಒಮ್ಮೆ ಪರಿಚಯದವರೊಬ್ಬರ ಹತ್ತಿರ ಸಂಜೆ ಏಳು ಗಂಟೆಗೆ, ಮಂಕು ಬಲ್ಬಿನ ಕೆಳಗೆ ಒಂದು ಲೆನ್ಸ್ ತಗೊಂಡೆ. ಹೊರಗಡೆ ಹೊಸದರ ಹಾಗೇ ಇತ್ತು. ಮನೆಗೆ ಬಂದು ಬೆಳಿಗ್ಗೆ ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಬೂಷ್ಟು ಹಬ್ಬಿತ್ತು. ಮೊಬೈಲಿನ ಟಾರ್ಚ್ ಹಚ್ಚಿ, ಲೆನ್ಸಿನ ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು, ಮುಂದಿನಿಂದ ನೋಡಬೇಕು. ಧೂಳಿನ ನಾಲ್ಕು ಕಣ ಇದ್ದರೆ ಪರವಾಗಿಲ್ಲ, ಅದು ಫೋಟೋದಲ್ಲಿ ಬರುವುದಿಲ್ಲ. ಜೇಡರ ಬಲೆಯ ಹಾಗೆ ಬಿಳಿ ಎಳೆ ಕಂಡರೆ, ಎಷ್ಟೇ ಅಗ್ಗವಾಗಿರಲಿ, ವಾಪಸ್ ಕೊಟ್ಟು ಬನ್ನಿ. ಅದು ನಿಮ್ಮ ಇನ್ನೊಂದು ಲೆನ್ಸಿಗೂ ಅಂಟುವ ಅಪಾಯ ಇದೆ.

ಆಮೇಲೆ ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ ಒಂದು ಇಪ್ಪತ್ತು ಫೋಟೋ ತೆಗೆಯಿರಿ. ಮೋಡ ಅಥವಾ ಬಿಳಿ ಗೋಡೆಯ ಕಡೆ ತಿರುಗಿಸಿ, ಎಫ್ 16 (ಲೆನ್ಸಿನೊಳಗಿನ ಕಿಂಡಿ ತುಂಬ ಚಿಕ್ಕದಾಗುವ ಅಂಕಿ) ಇಟ್ಟು ಒಂದು ಫೋಟೋ. ಸೆನ್ಸರ್ ಮೇಲೆ ಕಲೆ ಇದ್ದರೆ ಅದರಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಒಂದಿಷ್ಟು ಚುಕ್ಕೆ ಇದ್ದರೆ ಕ್ಲೀನ್ ಮಾಡಿಸಬಹುದು, ಗೀರು ಇದ್ದರೆ ಬೇಡ. ನಿಕಾನ್ ಆದರೆ ಆ ಫೋಟೋ ಫೈಲಿನ ಒಳಗೇ ಇದುವರೆಗೆ ಎಷ್ಟು ಸಲ ಶಟರ್ ಬಿದ್ದಿದೆ ಅನ್ನುವ ಲೆಕ್ಕ ಇರುತ್ತದೆ, ಅದನ್ನು ಓದಿಕೊಡುವ ಉಚಿತ ಆ್ಯಪ್‌ಗಳಿವೆ. ಡಿ3300 ವರ್ಗದ ಬಾಡಿಗೆ ಕಂಪನಿ ಪರೀಕ್ಷಿಸಿ ಹೇಳಿದ್ದು 1 ಲಕ್ಷ ಸಲ. 30 ಸಾವಿರದ ಒಳಗಿದ್ದರೆ ಕಣ್ಣುಮುಚ್ಚಿ ತಗೊಳ್ಳಿ. 80 ಸಾವಿರ ದಾಟಿದ್ದರೆ ಅದು ಮದುವೆ ಫೋಟೋಗೆ ದುಡಿದ ಕ್ಯಾಮೆರಾ ಇರಬಹುದು, ದರ ಇಳಿಸಿ ಕೇಳಿ ಅಥವಾ ಬೇರೆ ನೋಡಿ. ಲೆನ್ಸ್ ಕೂರುವ ಉಂಗುರ ಸಡಿಲ ಇದೆಯಾ, ಬ್ಯಾಟರಿ ಬಾಗಿಲು ಸರಿ ಮುಚ್ಚುತ್ತದಾ, ಚಾರ್ಜರ್ ಅದರದ್ದೇನಾ, ಬಿಲ್ ಇದೆಯಾ, ಇಷ್ಟನ್ನು ನೋಡಿದರೆ ಸಾಕು.

ಈಗ ಡಬ್ಬದ ಕಥೆ. ಮೇಲೆ ಹೇಳಿದ ಬೂಷ್ಟು ಬೇರೆಯವರ ಮನೆಯದಾಯಿತು. ಅದಕ್ಕೂ ಮೊದಲು ನನ್ನ ಮನೆಯಲ್ಲೇ ಆದದ್ದನ್ನು ಕೇಳಿ. ಒಂದು ವರ್ಷ ಮಳೆ ಹಿಡಿದ ಮೇಲೆ ಹೊರಗೆ ಹೋಗಲಾಗದೆ ಕ್ಯಾಮೆರಾವನ್ನು ಅದರ ಬ್ಯಾಗಿನಲ್ಲೇ ಹಾಕಿ, ಮರದ ಬೀರುವಿನಲ್ಲಿ, ಬಟ್ಟೆಗಳ ನಡುವೆ ಇಟ್ಟೆ. ಬೆಚ್ಚಗಿರಲಿ ಅಂತ. ದೀಪಾವಳಿಗೆ ತೆಗೆದು ನೋಡಿದಾಗ ಬ್ಯಾಗಿನ ಪಟ್ಟಿಯ ಮೇಲೆ ಹಸಿರು ಪುಡಿ, ಲೆನ್ಸಿನ ಮೇಲೆ ಉಸಿರು ಬಿಟ್ಟ ಹಾಗೆ ಮಬ್ಬು, ಟಾರ್ಚ್ ಬಿಟ್ಟರೆ ಒಳಗೆ ಬೇರು ಬಿಟ್ಟ ಹಾಗೆ ಸಣ್ಣ ಸಣ್ಣ ಎಳೆಗಳು. ರಿಪೇರಿಯವರು ಲೆನ್ಸ್ ಬಿಚ್ಚಿ ಒರೆಸಿಕೊಟ್ಟರು. ಎಳೆ ಹೋಯಿತು, ಆದರೆ ಗಾಜಿನ ಮೇಲಿನ ಲೇಪವನ್ನು ಅದು ತಿಂದಿತ್ತು. ಇವತ್ತಿಗೂ ಆ ಲೆನ್ಸಿನಲ್ಲಿ ರೈಲಿನ ಹೆಡ್‌ಲೈಟ್ ಎದುರಾದರೆ ಸುತ್ತ ಹೊಗೆ ಕವಿದ ಹಾಗೆ ಬರುತ್ತದೆ. ಒಂದೇ ಮಳೆಗಾಲದಲ್ಲಿ ಆಗಿದ್ದು ಇದು.

ಹಾಗಾಗಿ ಅಡುಗೆಮನೆಗೆ ತರುವಂಥ, ರಬ್ಬರ್ ಅಂಚಿನ, ನಾಲ್ಕೂ ಕಡೆ ಕ್ಲಿಪ್ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತನ್ನಿ. ಅಡಿಯಲ್ಲಿ ತೆಳು ಬಟ್ಟೆಯ ಚೀಲದಲ್ಲಿ ಸಿಲಿಕಾ ಜೆಲ್. ಬಣ್ಣ ಬದಲಾಗುವ ಜಾತಿಯದೇ ತನ್ನಿ. ನೀಲಿ ಇದ್ದದ್ದು ಗುಲಾಬಿಗೆ ತಿರುಗಿದರೆ ಅಥವಾ ಕಿತ್ತಳೆ ಇದ್ದದ್ದು ಹಸಿರಾದರೆ ಅದು ನೀರು ಕುಡಿದು ತುಂಬಿದೆ ಅಂತ. ಆಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ತೇವಾಂಶ ತೋರಿಸುವ ಪುಟ್ಟ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಡಬ್ಬದೊಳಗೆ ಇಡಿ. ಶೇಕಡಾ 40ರಿಂದ 50ರ ನಡುವೆ ಇದ್ದರೆ ಚೆನ್ನ. 60 ದಾಟಲು ಬಿಡಬೇಡಿ. ಬ್ಯಾಗು ಮಾತ್ರ ಡಬ್ಬದ ಹೊರಗೇ ಇರಲಿ, ಅದು ತಾನೇ ನೀರು ಹೀರಿಕೊಂಡಿರುತ್ತದೆ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತದೆ ಅಂತ ಇಡುವವರಿದ್ದಾರೆ, ಹೊಗೆ ಮತ್ತು ಕಾವು ಎರಡೂ ಲೆನ್ಸಿಗೆ ಕೆಟ್ಟದ್ದು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು, ಬಿಸಿಲು ಕಂಡ ದಿನ ಹತ್ತು ನಿಮಿಷ ಬೆಳಕಿಗೆ ಹಿಡಿದು, ಮನೆ ಎದುರು ಹೋಗುವ ಯಾವುದಾದರೂ ಗಾಡಿಯ ನಾಲ್ಕು ಫೋಟೋ ತೆಗೆದು ಮತ್ತೆ ಇಡಿ. ಬಳಸುತ್ತಿರುವ ಲೆನ್ಸಿಗೆ ಬೂಷ್ಟು ಹಿಡಿಯುವುದು ಕಡಿಮೆ.

ಮಳೆಯಲ್ಲಿ ತೆಗೆಯುವುದು ಹೇಗೆ? ಈ ಬಾಡಿಗಳು ನೀರು ತಡೆಯುವಂಥವಲ್ಲ. ಪಾರದರ್ಶಕ ಪ್ಲಾಸ್ಟಿಕ್ ಕವರಿಗೆ ಲೆನ್ಸಿನ ಅಳತೆಗೆ ಒಂದು ತೂತು ಮಾಡಿ, ಅಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿ ಮಾಡಿದರೆ ಜಡಿಮಳೆಯಲ್ಲೂ ಒಂದರ್ಧ ಗಂಟೆ ನಡೆಯುತ್ತದೆ. ಮೇಲೊಂದು ಕೊಡೆ. ಮಂಜಿನಲ್ಲಿ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗಿ ಫೋಟೋ ಬೂದು ಬಣ್ಣಕ್ಕೆ ಬರುತ್ತದೆ, ಎಕ್ಸ್‌ಪೋಷರ್ (ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅನ್ನುವುದು) ಪ್ಲಸ್ 1ರ ಹತ್ತಿರ ಇಡಿ. ಫೋಕಸ್ ಸಿಗದೆ ಲೆನ್ಸ್ ಹಿಂದೆ ಮುಂದೆ ಒದ್ದಾಡಿದರೆ ಮಧ್ಯದ ಒಂದೇ ಬಿಂದುವನ್ನು ಹೆಡ್‌ಲೈಟಿನ ಅಂಚಿಗೋ ನಂಬರ್ ಪ್ಲೇಟಿಗೋ ಕೊಡಿ. ನಿಕಾನ್‌ನಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಎಐ ಸರ್ವೋ ಇಟ್ಟರೆ ಬರುತ್ತಿರುವ ಗಾಡಿಯನ್ನು ಫೋಕಸ್ ಹಿಂಬಾಲಿಸುತ್ತದೆ. ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 1600, 3200ಕ್ಕೆ ಹೋಗಲು ಹೆದರಬೇಡಿ, ಸ್ವಲ್ಪ ಕಾಳು ಬಂದರೂ ಮಸುಕಿಗಿಂತ ಅದು ಎಷ್ಟೋ ಮೇಲು.

ನೀವು ಸಾಗರದವರು, ಒಳ್ಳೆ ಜಾಗದಲ್ಲಿದ್ದೀರಿ. ಸಾಗರ ಜಂಬಗಾರು ನಿಲ್ದಾಣದಲ್ಲಿ 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡರೆ ಎರಡು ಗಂಟೆ ಆರಾಮಾಗಿ ನಿಲ್ಲಬಹುದು. ತಾಳಗುಪ್ಪ ಲೈನಿನ ಕೊನೆಯ ಊರು, ಅಲ್ಲಿ ಇಂಜಿನ್ ಬಿಚ್ಚಿ ಇನ್ನೊಂದು ತುದಿಗೆ ತಂದು ಜೋಡಿಸುವುದನ್ನು ಪ್ಲಾಟ್‌ಫಾರ್ಮಿನಿಂದಲೇ ಸಮಾಧಾನವಾಗಿ ತೆಗೆಯಬಹುದು. ಕಾಡಿನ ನಡುವಿನ ಅರಸಾಳು, ಆನಂದಪುರ, ಕುಂಸಿ, ಒಂದೊಂದು ಭಾನುವಾರಕ್ಕೆ ಒಂದೊಂದು. ಶಿವಮೊಗ್ಗಕ್ಕೆ ಬಂದರೆ ತುಂಗಾ ನದಿಯ ರೈಲು ಸೇತುವೆಯನ್ನು ದಡದಿಂದ ತೆಗೆಯಿರಿ. ಹಳಿಯ ಮೇಲೆ ಮಾತ್ರ ಇಳಿಯಲೇಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನಿಗಿಂತ ದೊಡ್ಡದು ಜೀವ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟಾಗ ದೂರ ಎಷ್ಟು ಅಂತ ಗೊತ್ತಾಗುವುದಿಲ್ಲ, 18 ಮಿಲಿಮೀಟರ್‌ನಲ್ಲಿ ರೈಲು ಇನ್ನೂ ಎಲ್ಲೋ ಇದೆ ಅನಿಸುತ್ತಿರುವಾಗಲೇ ಅದು ಎದುರಿಗೆ ಬಂದಿರುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳನ್ನು ನೋಡುವ ಆಸೆ ಇದ್ದರೆ ಹಗಲಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ. ಹಳಿ ಮೇಲೆ ನಡೆದುಕೊಂಡು ಹೋದ ಹಳೆಯ ಫೋಟೋಗಳನ್ನು ನೋಡಿ ಅದನ್ನೇ ಮಾಡಲು ಹೊರಡಬೇಡಿ.

ಬಸ್ ಸ್ಟ್ಯಾಂಡಿನಲ್ಲಿ ಕ್ಯಾಮೆರಾ ಎತ್ತುವ ಮೊದಲು ಕಂಡಕ್ಟರ್ ಅಥವಾ ಡ್ರೈವರ್ ಹತ್ತಿರ "ಅಣ್ಣಾ, ಬಸ್ಸಿಂದು ಒಂದು ಫೋಟೋ ತೆಗೀತೀನಿ" ಅಂತ ಹೇಳಿ. ಬೇಡ ಅಂದವರು ನನಗೆ ಸಿಕ್ಕಿದ್ದು ತೀರ ಕಡಿಮೆ. ಬಹಳ ಜನ ಹೂವಿನ ಹಾರ ಸರಿಮಾಡಿ, ಗಾಜು ಒರೆಸಿ ನಿಲ್ಲಿಸುತ್ತಾರೆ. ತೆಗೆದದ್ದನ್ನು ಅವರಿಗೂ ಕಳಿಸಿ. ಮುಂದಿನ ಸಲ ಹೊಸ ಗಾಡಿ ಬಂದಾಗ ಅವರೇ ನಿಮಗೆ ಫೋನ್ ಮಾಡಿ ಹೇಳುತ್ತಾರೆ.

ಇನ್ನೊಂದು ಮಾತು ಹೇಳದೆ ಇರಲಾರೆ. ಕ್ಯಾಮೆರಾ ಬರುವವರೆಗೆ ಕಾಯಬೇಡಿ, ಮೊಬೈಲಿನಲ್ಲೇ ತೆಗೆಯುತ್ತಿರಿ. ಹಳಿ ಇನ್ನೂ ಕಿರಿದಾಗಿದ್ದ ಮೀಟರ್ ಗೇಜ್ ಕಾಲದಲ್ಲಿ ಶಿವಮೊಗ್ಗ–ತಾಳಗುಪ್ಪ ನಡುವೆ ರೈಲ್ ಬಸ್ ಓಡುತ್ತಿತ್ತು, ಹಳಿ ಮೇಲೆ ಒಂದೇ ಒಂದು ಡಬ್ಬಿ, ಬಸ್ಸಿನ ಹಾಗೆ. ನನ್ನ ಹತ್ತಿರ ಅದರ ಒಂದೇ ಫೋಟೋ ಇದೆ, ಅದೂ ಮಸುಕು. ಕೊಪ್ಪದಲ್ಲಿ 1991ರಲ್ಲಿ ನೌಕರರೇ ಸೇರಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋಯಿತು. ಅದರಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ, ಫೋಟೋ ಇರುವುದು ಬೆರಳೆಣಿಕೆಯಷ್ಟು. ನಾಳೆ ತೆಗೆದರಾಯಿತು ಅಂದುಕೊಂಡಿದ್ದೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರು ದಾಟುತ್ತಿದ್ದ ಸಿಗಂದೂರು ಲಾಂಚ್ ನಿಮಗೆ ಮನೆ ಎದುರಿನ ಗಾಡಿಯಷ್ಟೇ ಪರಿಚಯ ಇರಬೇಕು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯಿತು. ಊರಿನವರ ದೊಡ್ಡ ಕಷ್ಟ ತೀರಿತು, ಅದು ಆಗಲೇಬೇಕಿತ್ತು. ಬಸ್ಸು ಹಿಮ್ಮುಖವಾಗಿ ಲಾಂಚ್ ಹತ್ತುವಾಗ ಹಲಗೆ ಕಿರುಗುಟ್ಟಿದ್ದು, ಜನ ಇಳಿದು ಪಕ್ಕದಲ್ಲಿ ನಡೆದು ಬಂದದ್ದು, ಆ ಫೋಟೋಗಳು ನಿಮ್ಮ ಹಳೆಯ ಮೊಬೈಲಿನಲ್ಲಿದ್ದರೆ ಇವತ್ತೇ ಎರಡು ಕಡೆ ಕಾಪಿ ಮಾಡಿಡಿ. ಮಸುಕಿದ್ದರೂ ಅಳಿಸಬೇಡಿ. ಫೈಲಿನ ಹೆಸರಿನಲ್ಲಿ ದಿನಾಂಕ, ಜಾಗ, ಗಾಡಿ ನಂಬರ್ ಬರೆಯಿರಿ.

ಟ್ರೈಪಾಡ್ ಈಗ ಬೇಡ. ಹಗಲು ಹೊತ್ತಿನ ಓಡುವ ಗಾಡಿಗೆ ಅದರಿಂದ ಪ್ರಯೋಜನ ಇಲ್ಲ, ಸ್ಟ್ಯಾಂಡಿನಲ್ಲಿ ಮತ್ತು ಪ್ಲಾಟ್‌ಫಾರ್ಮಿನಲ್ಲಿ ಜನರ ಕಾಲಿಗೆ ಸಿಗುತ್ತದೆ, ಕಾವಲಿನವರೂ ಬಂದು ಕೇಳುತ್ತಾರೆ. ಬೆಳಗಿನ ಜಾವ ಕತ್ತಲಲ್ಲೇ ಹೊರಡುವ ಜನಶತಾಬ್ದಿ ರೈಲನ್ನು ನಿಂತಲ್ಲೇ ತೆಗೆಯಬೇಕು ಅನಿಸಿದರೆ, ಅಕ್ಕಿಯ ಪುಟ್ಟ ಚೀಲವೊಂದನ್ನು ಬೆಂಚಿನ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ. ಕೆಲಸ ಆಗುತ್ತದೆ. ಟ್ರೈಪಾಡಿನ ದುಡ್ಡು ಉಳಿಸಿ, ಒಂದು ವರ್ಷ ಕಳೆದ ಮೇಲೆ ನಿಕಾನ್ ಆದರೆ 35 ಎಫ್ 1.8, ಕ್ಯಾನನ್ ಆದರೆ 50 ಎಫ್ 1.8 ಲೆನ್ಸಿಗೆ ಹಾಕಿ. ಸಂಜೆ ಆರೂವರೆಗೆ ಒಳಗಿನ ದೀಪ ಹತ್ತಿಸಿಕೊಂಡು ಹೊರಡುವ ಹಳ್ಳಿ ಬಸ್ಸಿಗೆ, ಕಿಂಡಿ ದೊಡ್ಡದಿದ್ದು ಬೆಳಕು ಜಾಸ್ತಿ ಬಿಡುವ ಆ ಲೆನ್ಸ್ ಬೇಕು. ಕ್ಯಾಮೆರಾ ನೋಡಲು ಹೋಗುವ ದಿನ ಟಾರ್ಚ್ ಮತ್ತು ಮೆಮೊರಿ ಕಾರ್ಡ್ ಮರೆಯಬೇಡಿ, ದುಡ್ಡು ಕೊಡುವ ಮೊದಲು ಬಾಡಿಯ ನಂಬರ್, ಲೆನ್ಸಿನ ಪೂರ್ತಿ ಹೆಸರು ಮತ್ತು ಆ ಬಿಳಿ ಗೋಡೆಯ ಫೋಟೋ ನನಗೆ ಕಳಿಸಿ, ನೋಡಿ ಹೇಳುತ್ತೇನೆ.